ಬಂಗಲೆಯಿಂದ ವಠಾರಕ್ಕೆ: ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಚರಿತ್ರೆ

ಪರೀಕ್ಷೆಗಳು ಮುಗಿದು ಬೇಸಗೆ ರಜೆ ಬಂತೆಂದರೆ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ರ‍್ಯಾಕೆಟ್ಟಿನ ಮಾತು ಮೊದಲಾಗುತ್ತದೆ. ಮಗ ಅಥವಾ ಮಗಳು ಒಂದು ಹೆಸರು ಹೇಳುತ್ತಾರೆ. ಅದರ ಬೆಲೆ ಹನ್ನೆರಡು ಸಾವಿರವೋ ಹದಿನೈದು ಸಾವಿರವೋ ಇರುತ್ತದೆ. ತಂದೆಯಾದವನು ಮನೆಯ ಕಂತು, ಶಾಲೆಯ ಫೀಸು, ಊರಿಗೆ ಕಳಿಸಬೇಕಾದ ಹಣ ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ ಕಳೆದು, “ಆಟ ಬರಲಿ, ಆಮೇಲೆ ನೋಡೋಣ” ಎನ್ನುತ್ತಾನೆ. “ಒಳ್ಳೇ ರ‍್ಯಾಕೆಟ್ ಇಲ್ಲದೆ ಆಟ ಹೇಗೆ ಬರುತ್ತೆ ಅಪ್ಪಾ?” ಎಂಬುದು ಎದುರಿನ ವಾದ. ಈ ವಾದದಲ್ಲಿ ಎಷ್ಟು ಸತ್ಯವಿದೆ ಎಂದು ತಿಳಿಯಬೇಕಾದರೆ ರ‍್ಯಾಕೆಟ್ಟಿನ ಚರಿತ್ರೆಯನ್ನೇ ನೋಡಬೇಕು. ವಿಚಿತ್ರವೆಂದರೆ, ಆ ಚರಿತ್ರೆ ಶುರುವಾಗುವುದು ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಇದೇ ಊರಿನಲ್ಲಿ.

ಇಂದು ಜಗತ್ತೆಲ್ಲ ಬ್ಯಾಡ್ಮಿಂಟನ್ ಎಂದು ಕರೆಯುವ ಆಟಕ್ಕೆ ಒಂದು ಕಾಲದಲ್ಲಿ “ಪೂನಾ” ಎಂದೇ ಹೆಸರಿತ್ತು. ಹಕ್ಕಿಗರಿಯ ಗುಚ್ಛವನ್ನು ಹಲಗೆಯಿಂದಲೋ ತೊಗಲು ಬಿಗಿದ ಬಡಿಗೆಯಿಂದಲೋ ನೆಲಕ್ಕೆ ಬೀಳದಂತೆ ಹೊಡೆಯುತ್ತಿರುವ ಮಕ್ಕಳಾಟ ಏಷ್ಯದಲ್ಲೂ ಯೂರೋಪಿನಲ್ಲೂ ಬಹಳ ಹಳೆಯದು. ಅದಕ್ಕೆ ನಡುವೆ ಬಲೆ ಕಟ್ಟಿ, ಎರಡು ಪಕ್ಷ ಮಾಡಿ, ಸೋಲು ಗೆಲುವಿನ ಲೆಕ್ಕ ಕೊಟ್ಟವರಲ್ಲಿ ಪುಣೆಯ ದಂಡುಪ್ರದೇಶದ ಇಂಗ್ಲಿಷ್ ಅಧಿಕಾರಿಗಳು ಮುಖ್ಯರು. 1870ರ ದಶಕದ ಹೊತ್ತಿಗೆ ಇಲ್ಲಿ ಆಟಕ್ಕೆ ಬರೆದಿಟ್ಟ ನಿಯಮಗಳಿದ್ದವು. ರಜೆಯ ಮೇಲೆ ಸ್ವದೇಶಕ್ಕೆ ಹೋದ ಅಧಿಕಾರಿಗಳು ಆಟವನ್ನೂ ಜೊತೆಗೆ ಒಯ್ದರು. ಬ್ಯೂಫೋರ್ಟ್ ಡ್ಯೂಕನ ಬ್ಯಾಡ್ಮಿಂಟನ್ ಹೌಸ್ ಎಂಬ ಮನೆಯಿಂದ ಅದಕ್ಕೆ ಹೊಸ ಹೆಸರು ಅಂಟಿಕೊಂಡಿತು. ಊರು ನಮ್ಮದು, ಹೆಸರು ಡ್ಯೂಕನದು! 1893ರಲ್ಲಿ ಇಂಗ್ಲೆಂಡಿನಲ್ಲಿ ಆಟದ ಸಂಘ ಸ್ಥಾಪನೆಯಾಯಿತು, 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ಆರಂಭವಾಯಿತು. 1901ರವರೆಗೂ ಅಂಗಳದ ಆಕಾರ ಡಮರುಗದಂತೆ ನಡುವೆ ಸಣ್ಣಗಿತ್ತಂತೆ. ಡ್ಯೂಕನ ಹಜಾರದ ಎರಡು ಪಕ್ಕದ ಬಾಗಿಲುಗಳು ಒಳಕ್ಕೆ ತೆರೆದುಕೊಳ್ಳುತ್ತಿದ್ದುದರಿಂದ ಹಾಗಾಯಿತೆಂದು ಒಂದು ಕತೆ ಹೇಳುತ್ತಾರೆ. ಕತೆ ಸ್ವಾರಸ್ಯವಾಗಿದೆ, ನಂಬಬೇಕೆಂಬ ಬಲವಂತವಿಲ್ಲ.

ಆ ಕಾಲದ ರ‍್ಯಾಕೆಟ್ ಬರುತ್ತಿದ್ದುದು ಹಡಗಿನಲ್ಲಿ. ಆ್ಯಷ್ ಮರದ ಪಟ್ಟಿಯನ್ನು ಹಬೆಯಲ್ಲಿ ಮೆದುಮಾಡಿ ಬಾಗಿಸಿ, ಮೇಲೆ ಬೇರೆ ಮರದ ತೆಳು ಪದರಗಳನ್ನು ಅಂಟಿಸಿ ಚೌಕಟ್ಟು ಮಾಡುತ್ತಿದ್ದರು. ಅದಕ್ಕೆ ಬಿಗಿಯುತ್ತಿದ್ದ ತಂತಿ ಕುರಿಯ ಅಥವಾ ದನದ ಕರುಳಿನದು. ನಮ್ಮ ಮಡಿವಂತ ಅಜ್ಜಿಯರಿಗೆ ಈ ಸಂಗತಿ ತಿಳಿದಿದ್ದರೆ ರ‍್ಯಾಕೆಟ್ಟು ಪಡಸಾಲೆಯನ್ನು ದಾಟಿ ಒಳಗೆ ಬರುತ್ತಿರಲಿಲ್ಲ. ಕರುಳಿಗೆ ಇಂಗ್ಲಿಷಿನಲ್ಲಿ ಗಟ್ ಎನ್ನುತ್ತಾರಷ್ಟೆ. ಇಂದಿಗೂ ನಮ್ಮ ಅಂಗಡಿಗಳಲ್ಲಿ ನೈಲಾನ್ ದಾರ ಹಾಕಿಸುವುದಕ್ಕೂ “ಗಟ್ಟಿಂಗ್” ಎಂದೇ ಹೆಸರು. ಕರುಳು ಹೋಗಿ ಎಷ್ಟೋ ದಶಕಗಳಾದರೂ ಮಾತು ಉಳಿದುಕೊಂಡಿದೆ.

ಮರವೂ ಕರುಳೂ ಎರಡೂ ತೇವವನ್ನು ಹೀರುವ ಪದಾರ್ಥಗಳು. ಪುಣೆಯ ಮಳೆಗಾಲದಲ್ಲಿ ಇಂಥ ರ‍್ಯಾಕೆಟ್ಟನ್ನು ಹಾಗೇ ಗೋಡೆಗೆ ಒರಗಿಸಿಟ್ಟರೆ ಕೆಲವೇ ದಿನಗಳಲ್ಲಿ ಸೊಟ್ಟಗಾಗುತ್ತಿತ್ತು. ಅದಕ್ಕಾಗಿಯೇ “ಪ್ರೆಸ್” ಎಂಬ ಸಾಧನ ಹುಟ್ಟಿತು. ಎರಡು ಮರದ ಚೌಕಟ್ಟುಗಳು, ನಾಲ್ಕು ಮೂಲೆಗೆ ನಾಲ್ಕು ಚಿಟ್ಟೆತಿರುಪುಗಳು. ಆಟ ಮುಗಿದ ಕೂಡಲೆ ರ‍್ಯಾಕೆಟ್ಟಿನ ತಲೆಯನ್ನು ಅದರ ನಡುವೆ ಸೇರಿಸಿ ಬಿಗಿಯಬೇಕು. ಗದಗಿನ ನಮ್ಮ ಮನೆಯಲ್ಲಿ ಕಾಕಾನ ರ‍್ಯಾಕೆಟ್ಟು ಹೀಗೆ ಪ್ರೆಸ್ಸಿನ ಸಮೇತ ಮೊಳೆಗೆ ನೇತಾಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅದನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಮತ್ತಾರಿಗೂ ಇರಲಿಲ್ಲ. ನಾಲ್ಕು ತಿರುಪುಗಳನ್ನು ಸಮನಾಗಿ ಬಿಗಿಯದಿದ್ದರೆ ಪ್ರೆಸ್ಸೇ ರ‍್ಯಾಕೆಟ್ಟನ್ನು ಸೊಟ್ಟ ಮಾಡುತ್ತದೆಂದು ಅವನು ಹೇಳುತ್ತಿದ್ದ. ಅದು ನಿಜ.

ಒಟ್ಟಿನಲ್ಲಿ ರ‍್ಯಾಕೆಟ್ ಎಂಬುದು ಕೊಳ್ಳಲೂ ದುಬಾರಿ, ಕಾಪಾಡಲೂ ಕಷ್ಟ. ಆದುದರಿಂದ ಆಟ ಬಂಗಲೆ ಮತ್ತು ಜಿಮಖಾನಾಗಳ ಗೋಡೆ ದಾಟಲು ಬಹಳ ಕಾಲ ಹಿಡಿಯಿತು. ಬಯಲಿಗೆ ಬಂದದ್ದು ಅದರ ದಾಯಾದಿ, ಬಾಲ್ ಬ್ಯಾಡ್ಮಿಂಟನ್. ತಂಜಾವೂರಿನಲ್ಲಿ ಹುಟ್ಟಿತೆನ್ನುವ ಈ ಆಟದಲ್ಲಿ ಗರಿಯ ಬದಲು ಉಣ್ಣೆಯ ಹಳದಿ ಚೆಂಡು. ಗಾಳಿಗೆ ಹಾರಿಹೋಗುವುದಿಲ್ಲ, ಪ್ರತಿ ಆಟಕ್ಕೂ ಹೊಸದು ಬೇಕಿಲ್ಲ, ಒಂದೊಂದು ಪಕ್ಷಕ್ಕೆ ಐದೈದು ಜನ. ತಮಿಳುನಾಡು, ಆಂಧ್ರ, ಮೈಸೂರು ಸೀಮೆಗಳ ಶಾಲೆಯ ಬಯಲುಗಳಲ್ಲಿ, ಕಚೇರಿಗಳ ಹಿತ್ತಿಲಲ್ಲಿ ಇದು ಹಬ್ಬಿತು. ನಮ್ಮಲ್ಲಿ ಐವತ್ತು ದಾಟಿದ ಅನೇಕರು ಸಂಜೆ ಹೊತ್ತು ಊರಿನಲ್ಲಿ ಆಡಿದ್ದು ಈ ಆಟವನ್ನೇ. ಇದರ ರ‍್ಯಾಕೆಟ್ ಷಟಲ್ ರ‍್ಯಾಕೆಟ್ಟಿಗಿಂತ ಬಹಳ ಭಾರ. ಈ ಅಂಶಕ್ಕೆ ಮುಂದೆ ಮತ್ತೆ ಬರುತ್ತೇನೆ. ಮಕ್ಕಳಿಗೆ ರ‍್ಯಾಕೆಟ್ ಕೊಳ್ಳಲು ಹೋದ ಹಿರಿಯರ ಕೈ ದಾರಿ ತಪ್ಪುವುದು ಇಲ್ಲೇ.

ರ‍್ಯಾಕೆಟ್ ಭಾರತದಲ್ಲೇ ತಯಾರಾಗತೊಡಗಿದ್ದು ಪಂಜಾಬಿನ ಸಿಯಾಲ್‌ಕೋಟೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯಾರೋ ಇಂಗ್ಲಿಷ್ ಅಧಿಕಾರಿಯ ಮುರಿದ ಟೆನಿಸ್ ರ‍್ಯಾಕೆಟ್ಟನ್ನು ಅಲ್ಲಿಯ ಬಡಗಿಯೊಬ್ಬ ಸರಿಮಾಡಿಕೊಟ್ಟನೆಂದೂ ಉದ್ಯಮ ಅಲ್ಲಿಂದ ಬೆಳೆಯಿತೆಂದೂ ಪ್ರತೀತಿ. ಕಾಶ್ಮೀರದ ಮರ ಹತ್ತಿರ, ಕುಶಲ ಬಡಗಿಗಳು ಧಾರಾಳ, ಸುತ್ತಲೂ ದಂಡುಪ್ರದೇಶಗಳ ಗಿರಾಕಿ. ಹೀಗೆ ಅದು ಸಾಮ್ರಾಜ್ಯಕ್ಕೆಲ್ಲ ಆಟದ ಸಾಮಾನು ಒದಗಿಸುವ ಊರಾಯಿತು.

ಆಮೇಲೆ 1947 ಬಂತು. ಆ ವರ್ಷದ ಮಾರ್ಚಿಯಲ್ಲಿ ಲಾಹೋರಿನ ಪ್ರಕಾಶ್ ನಾಥ್ ಮತ್ತು ದೇವಿಂದರ್ ಮೋಹನ್ ಎಂಬಿಬ್ಬರು ಆಲ್ ಇಂಗ್ಲೆಂಡ್ ಪಂದ್ಯಾವಳಿಗೆ ಹೋಗಿದ್ದರು. ಇಬ್ಬರೂ ಗೆಲ್ಲುತ್ತ ಹೋಗಿ ಕ್ವಾರ್ಟರ್ ಫೈನಲ್ಲಿನಲ್ಲಿ ಪರಸ್ಪರ ಎದುರಾದಾಗ, ನಾವಿಬ್ಬರೂ ಆಡಿ ದಣಿಯುವುದು ಬೇಡವೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿಕೊಂಡರು. ಪ್ರಕಾಶ್ ನಾಥ್ ಫೈನಲ್ ತಲುಪಿದರು. ಅಷ್ಟರಲ್ಲಿ ಲಾಹೋರು ಹೊತ್ತಿ ಉರಿಯುತ್ತಿರುವ ವರ್ತಮಾನವನ್ನು ಅವರು ಪತ್ರಿಕೆಯಲ್ಲಿ ಓದಿದರು. ಫೈನಲ್ಲಿನಲ್ಲಿ ಸ್ವೀಡನ್ನಿನ ಕಾನಿ ಜೆಪ್ಸೆನ್‌ಗೆ ಸೋತರು. ದೇಶ ಒಡೆದ ಮೇಲೆ ಮುಂಬಯಿಗೆ ಬಂದು ವ್ಯಾಪಾರದಲ್ಲಿ ತೊಡಗಿದರು, ಪಂದ್ಯಾವಳಿಗಳಿಗೆ ಮರಳಲಿಲ್ಲ.

ಆಟಗಾರನ ಪಾಡು ಹೀಗಾದರೆ ರ‍್ಯಾಕೆಟ್ ಮಾಡುವವರ ಪಾಡೂ ಅದೇ. ಸಿಯಾಲ್‌ಕೋಟೆಯ ಹಿಂದೂ ವರ್ತಕರು, ಅವರ ಕೈಕೆಳಗಿನ ಕೆಲಸಗಾರರು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದರು. ಅವರಲ್ಲಿ ಬಹುಮಂದಿ ಜಲಂಧರದಲ್ಲಿ, ಇನ್ನು ಕೆಲವರು ಮೀರತ್ತಿನಲ್ಲಿ ಹೊಸದಾಗಿ ಕಸುಬು ಹೂಡಿದರು. 1950ರಿಂದ ಈಚೆಗೆ ಹುಬ್ಬಳ್ಳಿಯ ಅಂಗಡಿಯಲ್ಲಿ, ಮೈಸೂರಿನ ಅಂಗಡಿಯಲ್ಲಿ, ಪುಣೆಯ ಅಂಗಡಿಯಲ್ಲಿ ನಮ್ಮ ಹಿರಿಯರು ಕೊಂಡ ಸ್ವದೇಶಿ ರ‍್ಯಾಕೆಟ್ಟುಗಳಲ್ಲಿ ಹೆಚ್ಚಿನವು ಈ ನಿರಾಶ್ರಿತರ ಕೈಯಿಂದ ಬಂದವು. ಗುಮಾಸ್ತನ ಸಂಬಳಕ್ಕೆ ಎಟುಕುವ ರ‍್ಯಾಕೆಟ್ ಈ ದೇಶದಲ್ಲಿ ಉಂಟಾದದ್ದು ಮನೆಮಠ ಕಳೆದುಕೊಂಡವರ ದುಡಿಮೆಯಿಂದ. ನಾವೂ ಊರು ಬಿಟ್ಟು ಬಂದವರೇ ಆದರೂ ನಮ್ಮದು ವರ್ಗಾವಣೆಯ ಪತ್ರ ಹಿಡಿದು, ರೈಲಿನ ಟಿಕೆಟ್ ಕೊಂಡು ಬಂದ ವಲಸೆ. ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಮರದ ಯುಗದ ನಮ್ಮ ದೊಡ್ಡ ಆಟಗಾರ ನಂದು ನಾಟೇಕರ್. ನಮ್ಮ ಗಡಿಗೆ ಅಂಟಿಕೊಂಡಿರುವ ಸಾಂಗಲಿಯಲ್ಲಿ 1933ರಲ್ಲಿ ಹುಟ್ಟಿದವರು. 1956ರಲ್ಲಿ ಮಲಯದ ಸೆಲಾಂಗೋರ್ ಪಂದ್ಯಾವಳಿಯನ್ನು ಗೆದ್ದು, ವಿದೇಶದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಮೊದಲ ಭಾರತೀಯ ಬ್ಯಾಡ್ಮಿಂಟನ್ ಆಟಗಾರರೆನಿಸಿದರು. 2021ರ ಜುಲೈಯಲ್ಲಿ ತೀರಿಕೊಂಡದ್ದು ಇದೇ ಪುಣೆಯಲ್ಲಿ. ಅವರ ಮಣಿಕಟ್ಟಿನ ಮಾಟವನ್ನು ಕಂಡವರು ಇಂದಿಗೂ ಕೊಂಡಾಡುತ್ತಾರೆ. ಆ ಮಾಟವೆಲ್ಲ ನಡೆದದ್ದು ಮರದ ರ‍್ಯಾಕೆಟ್ಟಿನಲ್ಲಿ ಎಂಬುದನ್ನು ನಾವು ನೆನಪಿಡಬೇಕು.

ಮರದ ಆಳ್ವಿಕೆಯನ್ನು ಕೊನೆಗಾಣಿಸಿದ್ದು ಲೋಹ. ಮೊದಲು ಮರದ ತಲೆಗೆ ಉಕ್ಕಿನ ದಂಡ ಬಂತು. ಆಮೇಲೆ 1960ರ ದಶಕದಲ್ಲಿ ಇಂಗ್ಲೆಂಡಿನ ಕಾರ್ಲ್‌ಟನ್ ಕಂಪನಿ ಪೂರ್ತಿ ಉಕ್ಕಿನ ರ‍್ಯಾಕೆಟ್ ಮಾಡಿತು. ಉಕ್ಕು ಮರಕ್ಕಿಂತ ಹತ್ತು ಪಟ್ಟು ಸಾಂದ್ರ. ಹಾಗಿದ್ದರೆ ಉಕ್ಕಿನ ರ‍್ಯಾಕೆಟ್ ಮರದ್ದಕ್ಕಿಂತ ಹಗುರಾದದ್ದು ಹೇಗೆ? ಕಾರಣ, ಅದು ತೆಳು ಗೋಡೆಯ ಕೊಳವೆ. ಬಾಗುವಿಕೆಯನ್ನು ತಡೆಯುವುದರಲ್ಲಿ ನಡುವಿನ ಪದಾರ್ಥಕ್ಕೆ ಕೆಲಸವೇ ಇಲ್ಲ, ಎಲ್ಲ ಕೆಲಸವೂ ಹೊರಮೈಯದು. ಪ್ರಕೃತಿ ಬಿದಿರಿಗೆ ಕೊಟ್ಟಿರುವ ಉಪಾಯವೂ ಇದೇ. ಕಾರ್ಲ್‌ಟನ್ನಿನ ಪ್ರಸಿದ್ಧ ರ‍್ಯಾಕೆಟ್ಟಿನ ಹೆಸರಿನಲ್ಲಿದ್ದ 3.7 ಎಂಬ ಅಂಕಿ ಅದರ ತೂಕವನ್ನು ಔನ್ಸಿನಲ್ಲಿ ಸೂಚಿಸುತ್ತಿತ್ತು. ಅಂದರೆ ಸುಮಾರು 105 ಗ್ರಾಂ. ಪ್ರೆಸ್ ಬೇಡ, ಮಳೆಗಾಲದ ಭಯ ಬೇಡ.

ಇದೇ ಕಾಲದಲ್ಲಿ ಜಪಾನಿನ ಮಿನೋರು ಯೋನೆಯಾಮಾ ಎಂಬುವರ ಕತೆ ನಡೆದಿತ್ತು. ಇವರು ಮೀನುಬಲೆಗೆ ಕಟ್ಟುವ ಮರದ ತೇಲುಬೆಂಡು ತಯಾರಿಸುತ್ತಿದ್ದವರು. ಪ್ಲಾಸ್ಟಿಕ್ ಬೆಂಡು ಬಂದು ವ್ಯಾಪಾರ ಮುಳುಗಿತು. ಮರಗೆಲಸದ ಅನುಭವವನ್ನು ವ್ಯರ್ಥ ಮಾಡದೆ 1957ರಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್ ಮಾಡಲು ತೊಡಗಿದರು. ಒಮ್ಮೆ ಪ್ಲಾಸ್ಟಿಕ್ಕಿನಿಂದ ಪೆಟ್ಟು ತಿಂದವರಾದ್ದರಿಂದ ಮರವನ್ನೇ ನೆಚ್ಚಿ ಕೂರಲಿಲ್ಲ. ಅಲ್ಯೂಮಿನಿಯಂ, ಆಮೇಲೆ ಇಂಗಾಲದ ಎಳೆ, ಅಂದರೆ ಗ್ರಾಫೈಟ್, ಹೀಗೆ ಮುಂದುವರಿದರು. ಇಂದು ನಮ್ಮ ಮಕ್ಕಳ ಬಾಯಲ್ಲಿ ಕುಲದೇವರ ಹೆಸರಿನಂತೆ ಓಡಾಡುವ ಯೋನೆಕ್ಸ್ ಕಂಪನಿ ಅದು. 1978ರಲ್ಲಿ ಬಂದ ಅವರ ಕಾರ್ಬೊನೆಕ್ಸ್ ರ‍್ಯಾಕೆಟ್ ಗ್ರಾಫೈಟ್ ಯುಗದ ಮೊದಲಿಗರಲ್ಲೊಂದು. ಈಗ ಅವರ ಒಂದು ಕಾರ್ಖಾನೆ ಬೆಂಗಳೂರಿನಲ್ಲೇ ಇದ್ದು, ಕಡಿಮೆ ಬೆಲೆಯ ರ‍್ಯಾಕೆಟ್ಟುಗಳನ್ನು ಇಲ್ಲೇ ತಯಾರಿಸುತ್ತಾರೆ.

ಆದರೆ ಇಂಗ್ಲೆಂಡ್, ಡೆನ್ಮಾರ್ಕ್, ಇಂಡೊನೇಷ್ಯಗಳ ಆಟಗಾರರು ಲೋಹಕ್ಕೆ ತಿರುಗಿದಾಗ ನಮ್ಮ ದೇಶದಲ್ಲಿ ವಿದೇಶಿ ವಿನಿಮಯದ ಅಭಾವ. ಆಮದಿಗೆ ಲೈಸೆನ್ಸು, ಮೇಲೆ ಭಾರೀ ಸುಂಕ. ವಿದೇಶಿ ರ‍್ಯಾಕೆಟ್ ಬೇಕೆಂದರೆ ಹೊರಗೆ ಹೋಗಿಬರುವವರ ಪೆಟ್ಟಿಗೆಯಲ್ಲಿ ಬರಬೇಕಿತ್ತು. ಸಾಮಾನ್ಯ ಮನೆಯ ಹುಡುಗ ದೇಶೀ ರ‍್ಯಾಕೆಟ್ಟಿನಲ್ಲೇ ಪಳಗಬೇಕಾಗಿತ್ತು. ಈ ನೀತಿಯಿಂದ ಜಲಂಧರದ ಕಾರ್ಖಾನೆಗಳು ಉಳಿದವೆಂಬುದೂ ನಿಜ, ಸ್ಪರ್ಧೆಯಿಲ್ಲದೆ ಅವುಗಳ ಮಾಲು ಅಲ್ಲಲ್ಲೇ ನಿಂತಿತೆಂಬುದೂ ನಿಜ. ನನ್ನ ಅಭಿಪ್ರಾಯದಲ್ಲಿ ನಷ್ಟವೇ ಹೆಚ್ಚು. 1991ರ ನಂತರ ಬಾಗಿಲು ತೆರೆದಾಗ ಗ್ರಾಫೈಟ್ ಆಗಲೇ ಬಹುದೂರ ಹೋಗಿತ್ತು.

ಇಂಥ ಅಭಾವದ ನಡುವೆಯೇ ಪ್ರಕಾಶ್ ಪಡುಕೋಣೆ ಬೆಳೆದರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಘದಲ್ಲಿ ದುಡಿದವರು. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲೇ ಹುಡುಗನ ಅಂಗಳ. ಮದುವೆ ಇದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಅಲ್ಲಿಂದ ಹೊರಟವರು 1971ರಿಂದ ಸತತವಾಗಿ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 1978ರಲ್ಲಿ ಎಡ್ಮಂಟನ್ನಿನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು. 1980ರ ಮಾರ್ಚಿಯಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್‌ನನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ತಂದರು. ಕಿಂಗ್ ಮೇಲಕ್ಕೆ ಹಾರಿ ಸಿಡಿಲಿನಂತೆ ಬಡಿಯುವ ಆಟಗಾರ. ಪ್ರಕಾಶರದು ನಿಧಾನ, ನಯ, ಎದುರಾಳಿಯನ್ನು ಬೇಕಾದ ಕಡೆ ನಡೆಸುವ ಆಟ.

ಈಗ ತೂಕದ ವಿಚಾರ. ಬಾಲ್ ಬ್ಯಾಡ್ಮಿಂಟನ್ ಆಡಿದ ಹಿರಿಯರು ಅಂಗಡಿಗೆ ಹೋದರೆ ಕೈಯಲ್ಲಿ ತೂಗಿ ನೋಡಿ, “ಇದೇನು ಹುಲ್ಲುಕಡ್ಡಿಯ ಹಾಗಿದೆ, ಸ್ವಲ್ಪ ಭಾರದ್ದು ಕೊಡಪ್ಪಾ” ಎನ್ನುತ್ತಾರೆ. ಬಿ.ಎಸ್‌ಸಿ. ಮೊದಲ ವರ್ಷದಲ್ಲಿ ಕಲಿತ ಸಂಘಾತದ ಸೂತ್ರವನ್ನು ಇಲ್ಲಿ ಹಾಕಿ ನೋಡಬಹುದು. ನಿಂತಿರುವ ವಸ್ತುವಿಗೆ ಬಡಿದಾಗ ಅದು ಹೊರಡುವ ವೇಗ ಬಡಿಯುವ ವೇಗದ ಎರಡು ಪಟ್ಟಿಗಿಂತ ಎಂದೂ ಹೆಚ್ಚಾಗದು. ತೂಕ ಹೆಚ್ಚಿದಷ್ಟೂ ಎರಡು ಪಟ್ಟಿಗೆ ಹತ್ತಿರವಾಗುತ್ತದೆ, ಅಷ್ಟೆ. ಷಟಲ್ಲಿನ ತೂಕ ಸುಮಾರು 5 ಗ್ರಾಂ. 85 ಗ್ರಾಮಿನ ರ‍್ಯಾಕೆಟ್ ಅದನ್ನು 1.89 ಪಟ್ಟು ವೇಗದಲ್ಲಿ ಕಳಿಸಿದರೆ 140 ಗ್ರಾಮಿನದು 1.93 ಪಟ್ಟು. ಅಂದರೆ ನೂರಕ್ಕೆ ಎರಡರಷ್ಟು ಲಾಭ! ಉಣ್ಣೆ ಚೆಂಡಾದರೋ 28 ಗ್ರಾಂ ತೂಗುತ್ತದೆ. ಅಲ್ಲಿ ರ‍್ಯಾಕೆಟ್ 85ರಿಂದ 170 ಗ್ರಾಮಿಗೆ ಏರಿದರೆ ಲಾಭ ನೂರಕ್ಕೆ ಹದಿನಾಲ್ಕು. ಹಿಡಿಯ ಹತ್ತಿರದ ತೂಕ ಪೆಟ್ಟಿಗೆ ಒದಗುವುದಿಲ್ಲವಾದ್ದರಿಂದ ಇದು ಸ್ಥೂಲ ಲೆಕ್ಕ. ಆದರೂ ತಾತ್ಪರ್ಯ ಕೆಡುವುದಿಲ್ಲ. ಊರಿನ ಆಟದಲ್ಲಿ ಭಾರ ಕೆಲಸಕ್ಕೆ ಬರುತ್ತಿತ್ತು, ಷಟಲ್ಲಿನಲ್ಲಿ ಕೆಲಸಕ್ಕೆ ಬರುವುದು ಕೈ ಬೀಸುವ ವೇಗ. ಆಟದ ನಿಯಮದಲ್ಲಿ ರ‍್ಯಾಕೆಟ್ಟಿನ ಉದ್ದಕ್ಕೆ 680 ಮಿಲಿಮೀಟರ್, ಅಗಲಕ್ಕೆ 230 ಮಿಲಿಮೀಟರ್ ಎಂಬ ಮಿತಿಯಿದೆ. ತೂಕಕ್ಕೆ ಮಿತಿಯೇ ಇಲ್ಲ. ಹಾಗಿದ್ದೂ ಯಾರೂ ಭಾರದ್ದನ್ನು ಹಿಡಿಯುವುದಿಲ್ಲ.

ಹಗುರಾದ ರ‍್ಯಾಕೆಟ್ಟನ್ನು ಗುರುತಿಸಲು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು. 3ಯು ಎಂದಿದ್ದರೆ 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84, 5ಯು ಎಂದರೆ 75ರಿಂದ 79. ಶಾಲೆಗೆ ಹೋಗುವ ಮಕ್ಕಳಿಗೆ 4ಯು ಅಥವಾ 5ಯು ಸಾಕು. ಹಿಡಿಯ ಗಾತ್ರಕ್ಕೆ ಜಿ4, ಜಿ5 ಎಂಬ ಗುರುತು. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ಹಿಡಿ ಸಣ್ಣದು. ಸಣ್ಣದನ್ನೇ ಆರಿಸಿದರೆ ಒಳ್ಳೆಯದು, ಏಕೆಂದರೆ ಮೇಲೆ ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪವನ್ನು ತೆಳು ಮಾಡಲಾಗದು.

ಕೆಲವು ನೂರು ರೂಪಾಯಿಗೆ ಜೋಡಿ ಸಿಗುವ ಲೋಹದ ರ‍್ಯಾಕೆಟ್ಟುಗಳಲ್ಲಿ ದಂಡವೂ ತಲೆಯೂ ಬೇರೆಬೇರೆ ತುಂಡು, ನಡುವೆ ಇಂಗ್ಲಿಷಿನ ಟಿ ಆಕಾರದ ಬೆಸುಗೆ. ಮುರಿಯುವುದು ಯಾವಾಗಲೂ ಅಲ್ಲೇ. ಆರು ವರ್ಷದ ಮಗು ಅಂಗಳದಲ್ಲಿ ಆಡಲು ಅದು ಸಾಕು, ತರಬೇತಿಗೆ ಸಾಲದು. ಅದರ ಮೇಲಿನ ಮೆಟ್ಟಿಲು ಒಂದೂವರೆಯಿಂದ ಎರಡೂವರೆ ಸಾವಿರದೊಳಗೆ ದೊರೆಯುವ ಪೂರ್ತಿ ಗ್ರಾಫೈಟ್ ರ‍್ಯಾಕೆಟ್. ತೂಕದಲ್ಲಿ, ಬಿಗಿಯಲ್ಲಿ, ಬಾಳಿಕೆಯಲ್ಲಿ ಇದು ನಾಟೇಕರರು ಸೆಲಾಂಗೋರ್ ಗೆದ್ದ ಮರದ ರ‍್ಯಾಕೆಟ್ಟಿಗಿಂತ ಎಷ್ಟೋ ಮೇಲು. ಇದಕ್ಕೂ ಹದಿನೈದು ಸಾವಿರದ್ದಕ್ಕೂ ವ್ಯತ್ಯಾಸವಿಲ್ಲವೆಂದು ನಾನು ಹೇಳಲಾರೆ. ದಂಡದ ಪೆಡಸು, ತೂಕದ ಹಂಚಿಕೆ, ಚೌಕಟ್ಟಿನ ನವಿರು ಇವುಗಳಲ್ಲಿ ವ್ಯತ್ಯಾಸ ಖಂಡಿತ ಇದೆ. ಆದರೆ ದುಬಾರಿ ರ‍್ಯಾಕೆಟ್ಟುಗಳ ಪೆಡಸು ದಂಡ ವೇಗವಾಗಿ ಬೀಸಬಲ್ಲ ಬಲಿತ ತೋಳಿಗಾಗಿ ಮಾಡಿದ್ದು. ಹನ್ನೆರಡು ವರ್ಷದವರ ತೋಳಿಗೆ ಬಾಗುವ ದಂಡವೇ ಹೆಚ್ಚು ನೆರವಾಗುತ್ತದೆ. ಇಲ್ಲಿ ಅಗ್ಗದ್ದೇ ಹೆಚ್ಚು ಒಪ್ಪುತ್ತದೆ. ಇಂಥ ಸಂದರ್ಭ ನಮ್ಮ ಸಂಸಾರಗಳಲ್ಲಿ ಪದೇ ಪದೇ ಬರುವುದಿಲ್ಲ.

ಉಳಿಸಿದ ಹಣಕ್ಕೆ ಬೇರೆ ಖರ್ಚು ಕಾದಿರುತ್ತದೆ. ತಯಾರಕರು ಹಾಕಿಕೊಡುವ ದಾರ ಸಾಧಾರಣವಾಗಿ ಕಳಪೆ. ಅದನ್ನು ಬಿಚ್ಚಿಸಿ 20ರಿಂದ 22 ಪೌಂಡ್ ಬಿಗಿಯಲ್ಲಿ ಒಳ್ಳೆಯ ದಾರದಿಂದ ಗಟ್ಟಿಂಗ್ ಮಾಡಿಸಿದರೆ ಎರಡು ಸಾವಿರದ ರ‍್ಯಾಕೆಟ್ಟಿನ ನಡತೆಯೇ ಬದಲಾಗುತ್ತದೆ. ಹೆಚ್ಚು ಬಿಗಿಯಿದ್ದರೆ ಹೆಚ್ಚು ಜೋರು ಎಂಬ ನಂಬಿಕೆ ಹುಡುಗರಲ್ಲಿದೆ. ಅದು ತಿರುವುಮುರುವು, ಸಡಿಲ ದಾರ ಕವಣೆಯಂತೆ ಚಿಮ್ಮುತ್ತದೆ, ಬಿಗಿ ದಾರ ಹಿಡಿತ ಕೊಡುತ್ತದೆ. ಇನ್ನು ಷಟಲ್. ಹದಿನಾರು ಗರಿಗಳ ಷಟಲ್ ಒಂದು ಸಂಜೆಗೆ ಎರಡು ಮೂರು ಸವೆಯುತ್ತದೆ. ಬಂಗಾಳದ ಹೌರಾ ಜಿಲ್ಲೆಯ ಉಲುಬೇರಿಯಾ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯ ಹೆಂಗಸರು ಗಂಡಸರು ಕೂತು ಬಾತುಕೋಳಿಯ ಗರಿಯಿಂದ ಇವನ್ನು ತಯಾರಿಸುತ್ತ ಬಂದಿದ್ದಾರೆ. ವಿದೇಶಿ ಡಬ್ಬಿಗಿಂತ ಬೆಲೆ ಕಡಿಮೆ, ಅಭ್ಯಾಸಕ್ಕೆ ಧಾರಾಳ ಸಾಕು. ಕಲಿಯುವ ಮೊದಲ ವರ್ಷ ನೈಲಾನ್ ಷಟಲ್ ಆದರೂ ನಡೆದೀತು. ವರ್ಷದ ಲೆಕ್ಕ ಬರೆದು ನೋಡಿದರೆ ಷಟಲ್, ಅಂಗಳದ ಬಾಡಿಗೆ, ಬೂಟು ಇವುಗಳ ಮುಂದೆ ರ‍್ಯಾಕೆಟ್ಟಿನ ಬೆಲೆ ಚಿಕ್ಕದಾಗಿ ಕಾಣುತ್ತದೆ. ಬೂಟಿನಲ್ಲಿ ಮಾತ್ರ ಜಿಪುಣತನ ಸಲ್ಲದು, ಅಡ್ಡಡ್ಡ ಜಿಗಿಯುವ ಆಟದಲ್ಲಿ ಬೂಟಿನ ದೋಷದಿಂದಲೂ ಕಾಲು ಉಳುಕಬಹುದು.

ಬೀದಿಬದಿಯಲ್ಲಿ ಅರ್ಧ ಬೆಲೆಗೆ ದೊಡ್ಡ ಹೆಸರಿನ ರ‍್ಯಾಕೆಟ್ ಸಿಕ್ಕಿತೆಂದು ಹಿಗ್ಗಬೇಡಿ, ನಕಲಿ ಮಾಲು ಧಾರಾಳವಾಗಿದೆ. ಅದಕ್ಕಿಂತ ನಿಮ್ಮ ನೆರೆಯಲ್ಲೇ ಕ್ಲಬ್ಬಿಗೆ ಹೋಗುತ್ತಿರುವ ಹುಡುಗರನ್ನು ವಿಚಾರಿಸಿ. ಹೊಸದನ್ನು ಕೊಂಡವರು ಹಳೆಯದನ್ನು ಮೂಲೆಗೆ ಹಾಕಿರುತ್ತಾರೆ. ತರುವ ಮುನ್ನ ದಾರ ಕಟ್ಟುವ ರಂಧ್ರಗಳ ಸುತ್ತ ಬೆರಳಾಡಿಸಿ ಬಿರುಕಿದೆಯೇ ನೋಡಿ, ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಚೌಕಟ್ಟನ್ನು ಅಂಗೈಗೆ ಮೆಲ್ಲಗೆ ತಟ್ಟಿ. ಒಳಗೆ ಕಟಕಟ ಸದ್ದು ಬಂದರೆ ಬೇಡವೆನ್ನಿ.